ಒಂದೇ ಟ್ಯೂಬಾ ಕೊಳ್ಳುವುದಾದರೆ ಯಾವ ಶ್ರುತಿಯದು? ಇ ಫ್ಲಾಟ್ ಟ್ಯೂಬಾ: ದೀರ್ಘಕಾಲದ ಬಳಕೆಯ ನಂತರ

ಹಿತ್ತಾಳೆ ವಾದ್ಯಗಳಲ್ಲೇ ಅತ್ಯಂತ ಮಂದ್ರ ನಾದದ್ದಾದ ಟ್ಯೂಬಾ ಕೊಳ್ಳಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಆ ಪ್ರಶ್ನೆ ಸ್ವಲ್ಪ ಕಾಯಲಿ. ಈ ವಾದ್ಯ ಸಾಮಾನ್ಯವಾಗಿ ನಾಲ್ಕು ಶ್ರುತಿಗಳಲ್ಲಿ ಸಿಗುತ್ತದೆ: ಬಿ ಫ್ಲಾಟ್, ಸಿ, ಇ ಫ್ಲಾಟ್ ಮತ್ತು ಎಫ್. ಸುರುಳಿ ಸುತ್ತಿದ ಕೊಳವೆಯನ್ನು ಬಿಚ್ಚಿ ನೆಟ್ಟಗೆ ಚಾಚಿದರೆ ಕ್ರಮವಾಗಿ ಸುಮಾರು 18, 16, 13 ಮತ್ತು 12 ಅಡಿ ಉದ್ದ ಬರುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸುತ್ತೀರಿ ಎನ್ನುವುದರ ಮೇಲೆ ನೀವು ಯಾರ ಜೊತೆ ಕೂತು ನುಡಿಸಬಲ್ಲಿರಿ, ಯಾವ ಸಂಗೀತ ನಿಮ್ಮ ಕೈಗೆ ಸಲೀಸಾಗಿ ಬರುತ್ತದೆ ಎಂಬುದೆಲ್ಲ ನಿಂತಿದೆ.

ನಾನಿರುವುದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. ಊರಿನ ಬ್ರಾಸ್ ಬ್ಯಾಂಡಿನಲ್ಲಿ, ಅಂದರೆ ಹಿತ್ತಾಳೆ ವಾದ್ಯಗಳ ಮೇಳದಲ್ಲಿ, ಅವರದೇ ಬಿ ಫ್ಲಾಟ್ ಟ್ಯೂಬಾ ನುಡಿಸುತ್ತಾ ಬಂದಿದ್ದೇನೆ. ಸ್ವಂತ ದುಡ್ಡಿನಲ್ಲಿ ಕೊಂಡದ್ದು ನಾಲ್ಕು ವಾಲ್ವಿನ (ಬೆರಳಿನಿಂದ ಒತ್ತಿದರೆ ಗಾಳಿಯ ದಾರಿಗೆ ಹೆಚ್ಚುವರಿ ಕೊಳವೆ ಸೇರಿಸುವ ಗುಂಡಿ), ಕಾಂಪೆನ್ಸೇಟಿಂಗ್ ವ್ಯವಸ್ಥೆಯ (ಏನೆಂದು ಮುಂದೆ ಹೇಳುತ್ತೇನೆ), 19 ಅಂಗುಲದ ಬೆಲ್, ಅಂದರೆ ಅಗಲ ಬಾಯಿ, ಇರುವ ಇ ಫ್ಲಾಟ್ ಟ್ಯೂಬಾ. ಸಿ ಮತ್ತು ಎಫ್ ವಾದ್ಯಗಳನ್ನು ಸ್ನೇಹಿತರಿಂದ ಎರವಲು ತಂದು, ಕೈಗೆ ಒಗ್ಗುವಷ್ಟು ಕಾಲ ಇಟ್ಟುಕೊಂಡು ನುಡಿಸಿದ್ದೇನೆ. ನಾಲ್ಕನ್ನೂ ಬಳಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಬ್ರಿಟನ್ನಿನಲ್ಲಿರುವ ಹವ್ಯಾಸಿ ಒಂದೇ ಒಂದು ಟ್ಯೂಬಾ ಕೊಳ್ಳುವುದಾದರೆ ಅದು ಇ ಫ್ಲಾಟ್ ಆಗಿರಲಿ.

ಕಾರಣ ಹೇಳಬೇಕೆಂದರೆ ಬೆರಳುಗಳ ಲೆಕ್ಕದಿಂದ ಶುರು ಮಾಡಬೇಕು. ಕೊಳಲು ನುಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ಮನೆ ಶ್ರುತಿಯ ಕೊಳಲಾಗಲಿ, ಐದು ಮನೆಯದಾಗಲಿ, ಸರಿಗಮಕ್ಕೆ ಬೆರಳು ಒಂದೇ. ಷಡ್ಜ ಕೇಳುವ ಎತ್ತರ ಮಾತ್ರ ಬೇರೆ. ಬ್ರಿಟಿಷ್ ಬ್ರಾಸ್ ಬ್ಯಾಂಡ್ ನಡೆಯುವುದು ಇದೇ ಕ್ರಮದಲ್ಲಿ. ತುತ್ತೂರಿಯಂಥ ಚಿಕ್ಕ ಕಾರ್ನೆಟ್‌ನಿಂದ ಹಿಡಿದು ದೊಡ್ಡ ಬಿ ಫ್ಲಾಟ್ ಬಾಸ್‌ವರೆಗೆ (ಬ್ಯಾಂಡಿನಲ್ಲಿ ಟ್ಯೂಬಾವನ್ನು ಬಾಸ್ ಎನ್ನುತ್ತಾರೆ) ವಾಲ್ವ್ ಇರುವ ಎಲ್ಲ ವಾದ್ಯಗಳಿಗೂ ಟ್ರೆಬಲ್ ಕ್ಲೆಫ್‌ನಲ್ಲಿ (ಕ್ಲೆಫ್ ಎಂದರೆ ಐದು ಗೆರೆಗಳ ಮೇಲೆ ಯಾವ ಜಾಗ ಯಾವ ಸ್ವರ ಎಂದು ಹೇಳುವ ಗುರುತು), ಒಂದೇ ಬೆರಳುಗಾರಿಕೆಗೆ ಹೊಂದುವಂತೆ ಬರೆದುಕೊಡುತ್ತಾರೆ. ಹಾಗಾಗಿ ಕಾರ್ನೆಟ್ ಕಲಿತ ಹುಡುಗಿ ನಾಳೆ ಬಾಸ್ ಕುರ್ಚಿಯಲ್ಲಿ ಕೂತರೆ ಹೊಸದಾಗಿ ಕಲಿಯಬೇಕಾದದ್ದು ಉಸಿರು ಮತ್ತು ತುಟಿಯ ಕೆಲಸವನ್ನಷ್ಟೇ. ಆರ್ಕೆಸ್ಟ್ರಾದ ಪದ್ಧತಿ ಬೇರೆ. ಅಲ್ಲಿ ಟ್ಯೂಬಾಗೆ ಬಾಸ್ ಕ್ಲೆಫ್‌ನಲ್ಲಿ ಕೇಳಬೇಕಾದ ಸ್ವರವನ್ನೇ ಬರೆದಿರುತ್ತಾರೆ. ನೀವು ಸಿ ಬಿಟ್ಟು ಎಫ್ ಹಿಡಿದರೆ ಕಾಗದ ಹಾಗೆಯೇ ಇರುತ್ತದೆ, ಬೆರಳುಗಳೆಲ್ಲ ಬದಲಾಗಬೇಕು.

ಎರಡು ಪದ್ಧತಿಗಳ ನಡುವೆ ಓಡಾಡುವವರಿಗೆ ಇ ಫ್ಲಾಟ್ ಟ್ಯೂಬಾ ಒಂದು ಅಪೂರ್ವ ಅನುಕೂಲ ಮಾಡಿಕೊಡುತ್ತದೆ. ಬ್ಯಾಂಡಿನ ಟ್ರೆಬಲ್ ಕ್ಲೆಫ್‌ನಲ್ಲಿ ಐದು ಗೆರೆಗಳ ಕೆಳಗೆ ಒಂದು ಪುಟ್ಟ ಗೆರೆ ಎಳೆದು ಬರೆದ ಸಿ ಸ್ವರವನ್ನು ಇ ಫ್ಲಾಟ್ ಟ್ಯೂಬಾದಲ್ಲಿ ನುಡಿಸಿದರೆ ಕೇಳುವುದು ಇ ಫ್ಲಾಟ್. ಬಾಸ್ ಕ್ಲೆಫ್‌ನಲ್ಲಿ ಅದೇ ಜಾಗದಲ್ಲಿರುವ ಸ್ವರವೂ ಇ. ಸಪ್ತಕವೂ ಅದೇ. ಅಂದರೆ ಕಾಗದದ ಮೇಲೆ ಸ್ವರ ಕೂತ ಜಾಗಕ್ಕೂ ನನ್ನ ಬೆರಳಿಗೂ ಇರುವ ನಂಟು ಕದಲುವುದೇ ಇಲ್ಲ. ಕ್ಲೆಫ್ ಟ್ರೆಬಲ್ ಎಂದು ಭಾವಿಸಿಕೊಂಡು, ಆರಂಭದ ಶ್ರುತಿ ಚಿಹ್ನೆಗೆ ಮೂರು ಶಾರ್ಪ್ (ಅರ್ಧಸ್ವರ ಏರಿಸುವ ಗುರುತು) ಕೂಡಿಸಿದರೆ, ಅಥವಾ ಮೂರು ಫ್ಲಾಟ್ (ಅರ್ಧಸ್ವರ ಇಳಿಸುವ ಗುರುತು) ಕಳೆದರೆ ಮುಗಿಯಿತು. ಇ ಫ್ಲಾಟ್ ಮೇಜರ್ ನನಗೆ ಸಿ ಮೇಜರ್ ಆಗುತ್ತದೆ. ಜಿ ಮೇಜರ್ ನಾಲ್ಕು ಶಾರ್ಪ್‌ಗಳ ಇ ಮೇಜರ್ ಆಗುತ್ತದೆ. ನಡುವೆ ಬರುವ ಬಿಡಿ ಶಾರ್ಪ್, ಫ್ಲಾಟ್‌ಗಳ ಬಗ್ಗೆ ಎಚ್ಚರ ಬೇಕು, ಅದು ಅಭ್ಯಾಸದಿಂದ ಬರುತ್ತದೆ. ಮಂಗಳವಾರ ಸಂಜೆ ಬ್ಯಾಂಡ್, ಗುರುವಾರ ಹವ್ಯಾಸಿ ಆರ್ಕೆಸ್ಟ್ರಾ ಎಂಬಂಥ ಬದುಕಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಇನ್ನು ಕಾಂಪೆನ್ಸೇಟಿಂಗ್ ಎಂದರೇನು, ಅದಕ್ಕೆ ಅಷ್ಟೊಂದು ಹೆಚ್ಚು ಹಣ ಏಕೆ ತೆರಬೇಕು ಎಂಬ ಪ್ರಶ್ನೆ. ಮೊದಲ ವಾಲ್ವ್ ಒತ್ತಿದರೆ ಸ್ವರ ಎರಡು ಅರ್ಧಸ್ವರ ಕೆಳಗಿಳಿಯುತ್ತದೆ; ಅದಕ್ಕೆ ಕೊಳವೆಯ ಉದ್ದ ಶೇ 12.2ರಷ್ಟು ಹೆಚ್ಚಬೇಕು. ಮೂರನೆಯದು ಮೂರು ಅರ್ಧಸ್ವರ ಇಳಿಸುತ್ತದೆ; ಅದಕ್ಕೆ ಶೇ 18.9. ಎರಡನ್ನೂ ಒಟ್ಟಿಗೆ ಒತ್ತಿದಾಗ ಐದು ಅರ್ಧಸ್ವರ ಇಳಿಯಬೇಕು, ಅದಕ್ಕೆ ಬೇಕಾದದ್ದು ಶೇ 33.5. ಆದರೆ ಕೂಡಿಸಿದಾಗ ಸಿಗುವುದು ಶೇ 31.1 ಮಾತ್ರ. 13 ಅಡಿಯ ಕೊಳವೆಯಲ್ಲಿ ಈ ಕೊರತೆ ಮೂರೂವರೆ ಅಂಗುಲ ದಾಟುತ್ತದೆ, ಸ್ವರ ಏರಿ ಕೇಳುತ್ತದೆ. ಹೆಚ್ಚು ವಾಲ್ವ್ ಕೂಡಿದಷ್ಟೂ ದೋಷ ಬೆಳೆಯುತ್ತದೆ, ಮಂದ್ರದ ತಳದಲ್ಲಿ ಅದು ಸಹಿಸಲಾಗದಷ್ಟಾಗುತ್ತದೆ. ಲಂಡನ್ನಿನ ವಾದ್ಯ ತಯಾರಕ ಬೂಸಿ ಸಂಸ್ಥೆಯಲ್ಲಿದ್ದ ಡೇವಿಡ್ ಬ್ಲೇಕ್ಲಿ 1874ರಲ್ಲಿ ಇದಕ್ಕೊಂದು ಪರಿಹಾರ ಕಂಡುಕೊಂಡರು. ನಾಲ್ಕು ವಾಲ್ವಿನ ವಾದ್ಯದಲ್ಲಿ ನಾಲ್ಕನೆಯದನ್ನು ಒತ್ತಿದಾಗ ಗಾಳಿ ಉಳಿದ ವಾಲ್ವ್‌ಗಳ ಮೂಲಕ ಎರಡನೆಯ ಸಲ ಹಾದುಹೋಗುತ್ತದೆ. ಆ ದಾರಿಯಲ್ಲಿ ಕೊರತೆ ತುಂಬುವಷ್ಟು ಚಿಕ್ಕ ಕೊಳವೆಗಳನ್ನು ಜೋಡಿಸಿರುತ್ತಾರೆ. ನುಡಿಸುವವರು ಸ್ಲೈಡ್, ಅಂದರೆ ಕೊಳವೆಯ ಜಾರುವ ತುಂಡು, ಎಳೆದು ತಳ್ಳುವ ಗೋಜು ಬಹುಮಟ್ಟಿಗೆ ತಪ್ಪುತ್ತದೆ. ಜರ್ಮನಿ ಮತ್ತು ಅಮೆರಿಕದವರು ಇದೇ ಸಮಸ್ಯೆಗೆ ಐದನೆಯ, ಆರನೆಯ ವಾಲ್ವ್ ಜೋಡಿಸಿ, ಎಡಗೈಯಲ್ಲಿ ಸ್ಲೈಡ್ ಎಳೆಯುತ್ತಾ ಉತ್ತರ ಹುಡುಕಿದರು. ನನಗೆ ಬ್ಲೇಕ್ಲಿಯವರ ದಾರಿಯೇ ಹೆಚ್ಚು ಇಷ್ಟ. ಮನಸ್ಸು ಪೂರ್ತಿ ಉಸಿರಿನ ಮೇಲೆ ಇರಲು ಅದು ಬಿಡುತ್ತದೆ.

ಹಾಗೆಂದು ಆ ವ್ಯವಸ್ಥೆ ದೋಷರಹಿತವೇನಲ್ಲ. ಗಾಳಿ ಎರಡೆರಡು ಸಲ ತಿರುವುಗಳನ್ನು ದಾಟುವುದರಿಂದ ತಳದ ಸ್ವರಗಳು ಬಿಗಿಯಾಗಿ, ಕಟ್ಟಿದ ಗಂಟಲಿನಿಂದ ಬಂದಂತೆ ಕೇಳುತ್ತವೆ. ಚಿಕ್ಕ ಕೊಳವೆಗಳಲ್ಲಿ ಉಸಿರಿನ ನೀರು ನಿಲ್ಲುತ್ತದೆ. ಅದು ಮಾಮೂಲು ನೀರು ಬಿಡುವ ಕೀಲಿಯಿಂದ ಹೊರಬರುವುದಿಲ್ಲ. ವಿರಾಮದಲ್ಲಿ ವಾದ್ಯವನ್ನೇ ತಿರುಗಿಸಿ ಹಿಡಿಯಬೇಕು, ಇಲ್ಲವೇ ಹಿಂದಿನ ಸ್ಲೈಡ್‌ಗಳನ್ನು ಕಿತ್ತು ಸುರಿಯಬೇಕು. ತೂಕವೂ ಹೆಚ್ಚು, ಒಂಬತ್ತು ಹತ್ತು ಕಿಲೋ ಆಸುಪಾಸು. ಪೆಂಟೆಕೋಸ್ಟ್ ಹಬ್ಬದ ನಂತರದ ಶುಕ್ರವಾರ ಸ್ಯಾಡಲ್‌ವರ್ತ್ ಸುತ್ತಲಿನ ಹಳ್ಳಿಗಳಲ್ಲಿ ಬ್ಯಾಂಡುಗಳು ಊರಿಂದೂರಿಗೆ ಬಸ್ಸಿನಲ್ಲಿ ಹೋಗಿ, ಬೀದಿಯುದ್ದಕ್ಕೂ ನುಡಿಸುತ್ತಾ ನಡೆದು ಸ್ಪರ್ಧಿಸುತ್ತವೆ. ಏರು ಬೀದಿಯಲ್ಲಿ ಟ್ಯೂಬಾ ಹೊತ್ತು ನಡೆಯುತ್ತಾ ನುಡಿಸುವ ಆ ಸಂಜೆ ಇ ಫ್ಲಾಟ್ ಹಿಡಿದವರ ಭುಜವೂ ನೋಯುತ್ತದೆ. ಆದರೂ ಪಕ್ಕದ ಸಾಲಿನಲ್ಲಿ ಬಿ ಫ್ಲಾಟ್ ಹೊತ್ತವರ ಮುಖ ನೋಡಿದರೆ ನಮ್ಮದು ಎಷ್ಟೋ ವಾಸಿ ಅನ್ನಿಸುತ್ತದೆ.

ಧ್ವನಿಯ ವಿಷಯದಲ್ಲಿ ಬಿ ಫ್ಲಾಟ್‌ಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಎರಡು ಇ ಫ್ಲಾಟ್, ಎರಡು ಬಿ ಫ್ಲಾಟ್ ಇರುತ್ತವೆ. ನಿಧಾನಗತಿಯ ಸ್ತೋತ್ರಗೀತೆಯೊಂದರಲ್ಲಿ ಬಿ ಫ್ಲಾಟ್‌ಗಳು ಕೆಳಗಿನ ಸಪ್ತಕ ಸೇರಿಕೊಂಡಾಗ ಇಡೀ ಬ್ಯಾಂಡಿನ ಬಣ್ಣವೇ ಬದಲಾಗುತ್ತದೆ, ಕುರ್ಚಿಯ ಕಾಲಿನಿಂದ ಮೈಗೆ ಆ ನಾದ ಏರುತ್ತದೆ. ಇ ಫ್ಲಾಟ್‌ನಿಂದ ಆ ವಿಸ್ತಾರ ಬರುವುದಿಲ್ಲ. ಅದು ಕೊಡುವುದು ಸ್ಪಷ್ಟತೆ: ಓಡುವ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ, ಮೇಲಿನ ಸಪ್ತಕದಲ್ಲಿ ಹಾಡುವ ಗುಣ ಬರುತ್ತದೆ. ಬಿ ಫ್ಲಾಟ್‌ಗೆ ಸ್ವಂತ ಹಣ ಹಾಕಬೇಡಿ ಎಂದು ನಾನು ಹೇಳುವುದಕ್ಕೆ ಇನ್ನೊಂದು ಸರಳ ಕಾರಣವಿದೆ. ಇಲ್ಲಿನ ಬ್ಯಾಂಡುಗಳು ದೊಡ್ಡ ವಾದ್ಯಗಳನ್ನು ತಾವೇ ಇಟ್ಟುಕೊಂಡು ಸದಸ್ಯರಿಗೆ ಕೊಡುತ್ತವೆ. ಸ್ವಂತ ವಾದ್ಯ ಬೇಕಾಗುವುದು ಬ್ಯಾಂಡಿನ ಹೊರಗಿನ ಕೆಲಸಕ್ಕೆ: ಐವರ ಬ್ರಾಸ್ ಗುಂಪು, ಆರ್ಕೆಸ್ಟ್ರಾ, ಚರ್ಚು, ಡಿಸೆಂಬರ್ ತಿಂಗಳ ಬೀದಿ ಕ್ಯಾರಲ್‌ಗಳು. ಇವೆಲ್ಲದಕ್ಕೂ ಇ ಫ್ಲಾಟ್ ಹೇಳಿ ಮಾಡಿಸಿದ್ದು.

ಸಿ ಟ್ಯೂಬಾ ನನ್ನ ಮನಸ್ಸನ್ನು ನಿಜಕ್ಕೂ ಸೆಳೆದಿತ್ತು. ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಅದೇ ರೂಢಿ. ಷಿಕಾಗೋ ಸಿಂಫನಿಯಲ್ಲಿ 1944ರಿಂದ 1988ರವರೆಗೆ ನುಡಿಸಿದ ಆರ್ನಲ್ಡ್ ಜೇಕಬ್ಸ್ ಅವರ ಯಾರ್ಕ್ ಕಂಪನಿಯ ಸಿ ಟ್ಯೂಬಾ ಎಷ್ಟು ಪ್ರಸಿದ್ಧವೆಂದರೆ ಮುಂದೆ ಹಿರ್ಸ್‌ಬ್ರುನ್ನರ್, ಯಮಹಾದಂಥ ತಯಾರಕರು ಅದರ ಮಾದರಿಯಲ್ಲೇ ವಾದ್ಯ ಮಾಡಿದರು. ತಂತಿವಾದ್ಯಗಳಿಗೆ ಹಿತವಾದ ಜಿ, ಡಿ, ಎ ಶ್ರುತಿಗಳಲ್ಲಿ ಸಿ ಟ್ಯೂಬಾದ ಬೆರಳುಗಳು ಸುಲಭ. ಸ್ವರ ಥಟ್ಟನೆ ಹಿಡಿಯುತ್ತದೆ. ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸಿದ ಸಂಜೆಗಳಲ್ಲಿ ತ್ರೊಂಬೋನ್‌ಗಳ ಅಡಿಯಲ್ಲಿ ನೆಲಗಟ್ಟು ಹಾಕಿದ ತೃಪ್ತಿ ಸಿಗುತ್ತಿತ್ತು. ಆದರೆ ಬ್ರಾಸ್ ಬ್ಯಾಂಡಿನಲ್ಲಿ ಅದಕ್ಕೆಂದು ಬರೆದ ಕಾಗದವೇ ಇಲ್ಲ. ಇಲ್ಲಿ ಅದನ್ನೊಂದನ್ನೇ ಇಟ್ಟುಕೊಂಡವರು ಬ್ಯಾಂಡಿನ ಪ್ರತಿ ಸಾಲನ್ನೂ ಮನಸ್ಸಿನಲ್ಲೇ ಬದಲಿಸಿಕೊಳ್ಳುತ್ತಾ ಕೂರಬೇಕಾಗುತ್ತದೆ.

ಎಫ್ ಟ್ಯೂಬಾವೇ ಮೂಲ. 1835ರಲ್ಲಿ ಬರ್ಲಿನ್ನಿನಲ್ಲಿ ವಿಲ್ಹೆಲ್ಮ್ ವೀಪ್ರೆಖ್ಟ್ ಮತ್ತು ಯೋಹಾನ್ ಗಾಟ್‌ಫ್ರೀಡ್ ಮೋರಿಟ್ಸ್ ಪೇಟೆಂಟ್ ಪಡೆದದ್ದು ಐದು ವಾಲ್ವಿನ ಎಫ್ ಟ್ಯೂಬಾಗೆ. ಜರ್ಮನಿಯಲ್ಲಿ ಇಂದಿಗೂ ವೃತ್ತಿಪರರು ಎಫ್ ಒಂದನ್ನೂ ಬಿ ಫ್ಲಾಟ್ ಒಂದನ್ನೂ ಇಟ್ಟುಕೊಂಡು ಕೃತಿಗೆ ತಕ್ಕಂತೆ ಬಳಸುತ್ತಾರೆ. ಎರವಲು ತಂದ ಎಫ್‌ನ ಮೇಲಿನ ಸ್ವರಗಳು ನನಗೆ ಬಹಳ ಪ್ರಿಯವಾದವು, ಕೆಳಗಿನ ಸಿ ಸ್ವರದ ಸುತ್ತಮುತ್ತ ಮಾತ್ರ ಗಾಳಿ ನಿಲ್ಲುತ್ತಿರಲಿಲ್ಲ. ರೋಟರಿ ವಾಲ್ವಿನ (ಒತ್ತಿದಾಗ ಒಳಗೆ ತಿರುಗುವ ವಾಲ್ವ್) ಎಫ್ ಟ್ಯೂಬಾಗಳ ಹೆಸರಾದ ತೊಂದರೆ ಇದು; ನುರಿತವರು ಗೆಲ್ಲುತ್ತಾರೆ, ವಾರಕ್ಕೆ ಕೆಲವು ಗಂಟೆ ನುಡಿಸುವವರಿಗೆ ಕಷ್ಟ. ಬ್ರಿಟನ್ನಿನಲ್ಲೂ 20ನೇ ಶತಮಾನದ ಮಧ್ಯದವರೆಗೆ ಆರ್ಕೆಸ್ಟ್ರಾಗಳಲ್ಲಿ ಸಣ್ಣ ಎಫ್ ಇತ್ತು. ಇ ಫ್ಲಾಟ್ ಅನ್ನು ಆರ್ಕೆಸ್ಟ್ರಾದಲ್ಲಿ ಮೆರೆಸಿದವರಲ್ಲಿ ಲಂಡನ್ ಸಿಂಫನಿಯ ಜಾನ್ ಫ್ಲೆಚರ್ ಹೆಸರು ದೊಡ್ಡದು. 1987ರಲ್ಲಿ ತೀರಿಕೊಂಡ ಅವರ ಧ್ವನಿಮುದ್ರಿಕೆಗಳನ್ನು ಕೇಳಿದ ಮೇಲೆ ಇ ಫ್ಲಾಟ್ ಬ್ಯಾಂಡಿಗಷ್ಟೇ ಎನ್ನುವ ಮಾತು ನಿಲ್ಲುವುದಿಲ್ಲ. 1954ರಲ್ಲಿ ವಾನ್ ವಿಲಿಯಮ್ಸ್ ಬರೆದ ಟ್ಯೂಬಾ ಕಾನ್ಚೆರ್ಟೊ ಈ ವಾದ್ಯದಲ್ಲಿ ಸೊಗಸಾಗಿ ಕೂರುತ್ತದೆ. ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’ ಎಂಬ ಪಿಯಾನೋ ಕೃತಿಮಾಲಿಕೆಯನ್ನು ರಾವೆಲ್ 1922ರಲ್ಲಿ ಆರ್ಕೆಸ್ಟ್ರಾಗೆ ಅಳವಡಿಸಿದಾಗ ಎತ್ತಿನ ಗಾಡಿಯ ಭಾಗಕ್ಕೆ ಬರೆದ ಏಕವಾದನ ಮಾತ್ರ ಹೊರತು. ಅದು ಎಫ್‌ಗಿಂತಲೂ ಷಡ್ಜದಿಂದ ಪಂಚಮದಷ್ಟು ಎತ್ತರದ ಫ್ರೆಂಚ್ ಪುಟ್ಟ ಟ್ಯೂಬಾಗೆಂದು ಬರೆದದ್ದು. ಅನೇಕ ಆರ್ಕೆಸ್ಟ್ರಾಗಳು ಅದನ್ನು ಟ್ಯೂಬಾದ ಚಿಕ್ಕ ತಮ್ಮನಂಥ ಯೂಫೋನಿಯಂಗೆ ಕೊಡುತ್ತವೆ.

ನಿತ್ಯದ ಬಳಕೆಯಲ್ಲಿ ಕಂಡ ಒಂದೆರಡು ಸಂಗತಿ. ಯಾವ ಟ್ಯೂಬಾದಲ್ಲೂ ಐದನೆಯ ಹಾರ್ಮೋನಿಕ್ (ಒಂದೇ ಉದ್ದದ ಕೊಳವೆಯಿಂದ ತುಟಿಯ ಬಿಗಿ ಬದಲಿಸಿ ಹೊರಡಿಸುವ ಸ್ವರಸರಣಿಯ ಐದನೆಯದು) ಪಿಯಾನೋದ ಲೆಕ್ಕಕ್ಕಿಂತ 14 ಸೆಂಟ್‌ನಷ್ಟು (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಇಳಿದಿರುವುದು ಪ್ರಕೃತಿ ನಿಯಮ. ಇ ಫ್ಲಾಟ್‌ನಲ್ಲಿ ಅದು ಜಿ ಸ್ವರದ ಮೇಲೆ ಬೀಳುತ್ತದೆ. ದೀರ್ಘವಾಗಿ ಹಿಡಿಯಬೇಕಾದಾಗ ನಾನು ವಾಲ್ವ್ ಒತ್ತದೆ ನುಡಿಸುವ ಬದಲು ಒಂದು ಮತ್ತು ಎರಡನೆಯದನ್ನು ಒತ್ತುತ್ತೇನೆ. ಬಿ ಫ್ಲಾಟ್‌ಗೆ ಹಾಕುವ ಆಳವಾದ ಮೌತ್‌ಪೀಸನ್ನು ಇದಕ್ಕೂ ಹಾಕಬೇಡಿ, ಮೇಲಿನ ಸ್ವರಗಳೆಲ್ಲ ಮಂಕಾಗುತ್ತವೆ. ನಾಲ್ಕನೆಯ ವಾಲ್ವ್ ಎಡಗೈಯ ಬೆರಳಿಗೆ ಬರುವ ವಿನ್ಯಾಸವೇ ಇರಲಿ. ಬಲಗೈಯ ಕಿರುಬೆರಳಿಗಿಂತ ಅದು ಚುರುಕು.

ಹೊಸ ವಾದ್ಯಕ್ಕೆ ಸಾವಿರಾರು ಪೌಂಡ್ ಬೀಳುವುದರಿಂದ ಬಹಳ ಜನ ಹಳೆಯದನ್ನೇ ಹುಡುಕುತ್ತಾರೆ. ಅಲ್ಲಿ ಒಂದು ಅಪಾಯವಿದೆ. ಬ್ರಿಟಿಷ್ ಬ್ರಾಸ್ ಬ್ಯಾಂಡುಗಳು 1960ರ ದಶಕದವರೆಗೂ ಎ ಸ್ವರವನ್ನು 440ರ ಬದಲು ಸುಮಾರು 452 ಹರ್ಟ್ಸ್‌ಗೆ ಏರಿಸಿದ ಶ್ರುತಿಯಲ್ಲಿ ನುಡಿಸುತ್ತಿದ್ದವು. ಆ ಕಾಲದ ಇ ಫ್ಲಾಟ್‌ಗಳು ಅಗ್ಗಕ್ಕೆ ಸಿಗುತ್ತವೆ, ನೋಡಲು ಚೆಂದ. ಆದರೆ ಹೆಚ್ಚುಕಡಿಮೆ ಕಾಲುಸ್ವರ ಮೇಲಿರುವ ಅವನ್ನು ಮುಖ್ಯ ಸ್ಲೈಡ್ ಪೂರ್ತಿ ಎಳೆದರೂ ಇಂದಿನ ಶ್ರುತಿಗೆ ತರುವುದು ಕಷ್ಟ. ಉದ್ದ ಹೆಚ್ಚಿಸಿ ಬದಲಿಸಿದ ವಾದ್ಯಗಳೂ ಇವೆ. ಹಾಗಾಗಿ ಟ್ಯೂನರ್ ಕೈಯಲ್ಲಿ ಹಿಡಿದೇ ನೋಡಲು ಹೋಗಿ. ಒಂದೊಂದು ಸ್ಲೈಡನ್ನೂ ವಾಲ್ವ್ ಒತ್ತದೆ ಎಳೆದು ನೋಡಿ. ಗಾಳಿ ಬಿಗಿಯಾಗಿ ಹಿಡಿದು, ಕೊನೆಗೆ ಟಪ್ಪೆಂದು ಬಿಡಬೇಕು. ಶಬ್ದವಿಲ್ಲದೆ ಜಾರಿ ಬಂದರೆ ವಾಲ್ವ್ ಸವೆದಿದೆ ಎಂದರ್ಥ. ಬೆಲ್‌ನ ತಗ್ಗುಗಳನ್ನು ರಿಪೇರಿಯವರು ಸುಲಭವಾಗಿ ಸರಿಪಡಿಸುತ್ತಾರೆ, ಸವೆದ ವಾಲ್ವ್ ಹಾಗಲ್ಲ.

ಮೈಸೂರು, ಬೆಂಗಳೂರಿನಿಂದ ಕೇಳುವವರಿಗೆ ನನ್ನ ಉತ್ತರ ಬೇರೆ. ನೀವು ನುಡಿಸಬೇಕಾದದ್ದು ನಡೆಯುವ ಬ್ಯಾಂಡಿನಲ್ಲಾದರೆ, ಭುಜಕ್ಕೆ ಸುತ್ತಿಕೊಳ್ಳುವ ಸೂಸಾಫೋನ್ ಸಾಮಾನ್ಯವಾಗಿ ಬಿ ಫ್ಲಾಟ್ ಶ್ರುತಿಯದೇ. ಆ ಬೆರಳುಗಳನ್ನೇ ಕಲಿಯಿರಿ, ಮನೆಯ ಅಭ್ಯಾಸಕ್ಕೂ ಬಿ ಫ್ಲಾಟ್ ಇರಲಿ. ಅಮೆರಿಕದಲ್ಲಿ ಟ್ಯೂಬಾ ಪದವಿಗೆ ಸೇರಿ ಆರ್ಕೆಸ್ಟ್ರಾ ಸೇರುವ ಗುರಿಯಿದ್ದವರು ಸಿ ಕೊಳ್ಳಲಿ, ಎರಡನೆಯದಾಗಿ ಎಫ್ ಅಥವಾ ಇ ಫ್ಲಾಟ್ ಸೇರಿಸಿಕೊಳ್ಳಲಿ. ಜರ್ಮನಿಗೆ ಹೋಗುವವರು ಎಫ್‌ನಿಂದ ಶುರು ಮಾಡಲಿ. ಉತ್ತರ ಇಂಗ್ಲೆಂಡಿನ ಯಾವುದಾದರೂ ಊರಿಗೆ ಕೆಲಸಕ್ಕೆಂದು ಬಂದು, ಸಂಜೆ ಬ್ಯಾಂಡ್ ರೂಮಿನ ಕಿಟಕಿಯಿಂದ ಬರುವ ನಾದಕ್ಕೆ ಮನಸೋತವರು ಮೊದಲು ಒಳಗೆ ಹೋಗಿ ಕೇಳಿ. ಬಾಸ್ ನುಡಿಸುವವರಿಗೆ ಜಾಗ ಖಾಲಿ ಇರುವುದೇ ಹೆಚ್ಚು, ವಾದ್ಯವನ್ನೂ ಅವರೇ ಕೊಡುತ್ತಾರೆ. ಕೆಲವು ತಿಂಗಳು ಅದನ್ನು ನುಡಿಸಿದ ಮೇಲೆ ಸ್ವಂತದ ಇ ಫ್ಲಾಟ್ ಹುಡುಕಲು ಹೊರಡಿ.