ಬಾಟಲಿ ಮತ್ತು ಬ್ಯಾಂಡ್: ಹೆಗಲ ನೋವಿಗೆ ಹನ್ನೆರಡು ವಾರ

ಬಲಗೈಯನ್ನು ಪಕ್ಕದಿಂದ ಮೇಲೆತ್ತುವಾಗ ಹೆಗಲ ಮಟ್ಟದ ಸುತ್ತಮುತ್ತ ಚಳಕು ಹೊಡೆದು, ಇನ್ನೂ ಮೇಲೆ ಹೋದರೆ ನೋವು ತಾನಾಗಿ ಇಳಿಯುತ್ತಿತ್ತು. ನಾಗಂದಿಗೆಯ ಮೇಲಿನ ಜೋಳದ ಹಿಟ್ಟಿನ ಡಬ್ಬಿ ಇಳಿಸುವುದೂ ಚಿಗರಿ ಬಸ್ಸಿನಲ್ಲಿ ಮೇಲಿನ ಹಿಡಿಕೆ ಹಿಡಿದು ನಿಲ್ಲುವುದೂ ಕಷ್ಟವಾದ ಮೇಲೆ ಧಾರವಾಡದ ಫಿಸಿಯೋಥೆರಪಿಸ್ಟರೊಬ್ಬರನ್ನು ಕಂಡೆ. ಸುಮಾರು 60ರಿಂದ 120 ಡಿಗ್ರಿಯ ನಡುವೆ ಕಾಣಿಸುವ ಇಂಥ ನೋವು ಶೋಲ್ಡರ್ ಇಂಪಿಂಜ್‌ಮೆಂಟಿನ, ಅಂದರೆ ಕೈಯೆತ್ತುವಾಗ ಹೆಗಲಿನ ಮೂಳೆಗಳ ನಡುವೆ ಸ್ನಾಯುರಜ್ಜು ಒತ್ತಿಕೊಳ್ಳುವ ತೊಂದರೆಯ, ಲಕ್ಷಣವೆಂದೂ, ಸ್ನಾಯುವನ್ನು ಮೂಳೆಗೆ ಜೋಡಿಸುವ ಈ ರಜ್ಜುಗಳಿಗೆ ಬೇಕಾದದ್ದು ಬರೀ ವಿಶ್ರಾಂತಿಯಲ್ಲ, ಹಂತಹಂತವಾಗಿ ಹೆಚ್ಚುವ ಭಾರವೆಂದೂ ಅವರು ತಿಳಿಸಿದರು.

ಮುಖ್ಯ ವ್ಯಾಯಾಮ ಒಂದೇ: ಮೊಣಕೈಯನ್ನು ಪಕ್ಕೆಗೆ ಒತ್ತಿ 90 ಡಿಗ್ರಿ ಮಡಚಿ, ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಹೊರಗೆ ತಿರುಗಿಸುವುದು. ಇದನ್ನು ಆರು ವಾರ ನೀರಿನ ಬಾಟಲಿ ಹಿಡಿದು, ಮತ್ತಾರು ವಾರ ರಬ್ಬರ್ ಬ್ಯಾಂಡ್ ಎಳೆದು ಮಾಡಿದೆ.

ಬಾಟಲಿಯನ್ನು ಮೊದಲ ನಾಲ್ಕು ದಿನ ನಿಂತುಕೊಂಡೇ ತಿರುಗಿಸಿದ್ದು ದಂಡವಾಯಿತು. ನಿಂತಾಗ ಅದರ ತೂಕ ನೆಲದತ್ತ ಎಳೆಯುತ್ತದೆಯೇ ಹೊರತು ಹೊಟ್ಟೆಯತ್ತ ಅಲ್ಲವಾದ್ದರಿಂದ, ದಣಿಯುವುದು ರಟ್ಟೆಯ ಮುಂಭಾಗ. ಹೆಗಲಿನ ಹಿಂದಿನ ಸ್ನಾಯುಗಳಿಗೆ ಕೆಲಸವೇ ಬೀಳುವುದಿಲ್ಲ. ಎಡಮಗ್ಗುಲಿಗೆ ಮಲಗಿ, ಮೊಣಕೈಗೂ ಪಕ್ಕೆಗೂ ನಡುವೆ ಸುತ್ತಿದ ಟವೆಲ್ ಇಟ್ಟು ಎತ್ತಿದಾಗ ಮಾತ್ರ ಲೆಕ್ಕಕ್ಕೆ ಬಂತು. ಅರ್ಧ ಲೀಟರ್ ನೀರೆಂದರೆ ಅರ್ಧ ಕಿಲೋ ಆದ್ದರಿಂದ, ವಾರಕ್ಕೆ ನೂರು ಮಿಲಿಲೀಟರ್ ಸೇರಿಸುತ್ತ ಭಾರವನ್ನು ಅಳೆದು ಹೆಚ್ಚಿಸಲು ಸಾಧ್ಯವಾಯಿತು. ಆದರೆ ದಿನವೂ ಹಾಸಿಗೆ ಬಿಡಿಸಿ ಮಲಗಬೇಕಾದ ವ್ಯಾಯಾಮ ವಾರದಲ್ಲಿ ಎರಡು ದಿನ ತಪ್ಪುತ್ತಲೇ ಇತ್ತು.

ಬ್ಯಾಂಡನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿದ್ದೆ. ಎಸರು ಕುದಿಯುವಷ್ಟರಲ್ಲಿ ಹನ್ನೆರಡರಂತೆ ಮೂರು ಸರದಿ ಮುಗಿಯುತ್ತಿದ್ದವು. ಅದರ ದೋಷ ಬೇರೆ: ಹಿಗ್ಗಿದಷ್ಟೂ ಬಿಗಿಯುವುದರಿಂದ ಕೊನೆಯ ಭಾಗ ಅತಿಯಾಗಿ, ಗೊತ್ತಿಲ್ಲದೆ ಹೆಗಲು ಕಿವಿಯತ್ತ ಏರುತ್ತಿತ್ತು. ಇದನ್ನು ನಾನು ಗಮನಿಸಲಿಲ್ಲ, ಎರಡನೆಯ ಭೇಟಿಯಲ್ಲಿ ಫಿಸಿಯೋಥೆರಪಿಸ್ಟರೇ ತೋರಿಸಿ, ಮೊದಲಿಗಿಂತ ಒಂದು ಗೇಣು ಕಿಟಕಿಗೆ ಹತ್ತಿರ ನಿಲ್ಲಲು ಹೇಳಿದರು.

ಭೇಟಿಗಳು ಅಲ್ಲಿಗೇ ಮುಗಿದವು. ಬ್ರಿಟನ್ನಿನಲ್ಲಿ ಇಂಥ ನೋವಿದ್ದ 708 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಗ್ರಾಸ್ಪ್ ಅಧ್ಯಯನದಲ್ಲಿ, ಆರು ಭೇಟಿಗಳವರೆಗಿನ ವ್ಯಾಯಾಮ ಚಿಕಿತ್ಸೆ ಒಂದೇ ಭೇಟಿಯ ಸಲಹೆಗಿಂತ ವರ್ಷದ ಕೊನೆಗೆ ಮೇಲೆನಿಸಲಿಲ್ಲ. ಆದರೂ ಆ ಎರಡನೆಯ ಭೇಟಿಯನ್ನು ನಾನು ಬಿಡುತ್ತಿರಲಿಲ್ಲ.

ಈಗ ಡಬ್ಬಿ ಬಲಗೈಯಿಂದಲೇ ಇಳಿಯುತ್ತದೆ, ಬ್ಯಾಂಡ್ ಸರಳಿನಲ್ಲೇ ಇದೆ. ಪೂರ್ತಿ ಶ್ರೇಯವನ್ನು ಅದಕ್ಕೇ ಕೊಡಲಾರೆ. ಅದು ಮನೆಗೆ ಬರುವ ಹೊತ್ತಿಗೆ ಹೆಗಲು ಬಾಟಲಿಯೊಂದಿಗೆ ಆಗಲೇ ಆರು ವಾರ ದುಡಿದಿತ್ತು.