ಪಿಎಸ್‌ಐ ಓದುವವರ ರೀಡಿಂಗ್ ರೂಮ್: ಕೂಲರ್‌ಗೆ ಒಂದು ಸ್ಟಾರ್, ಶನಿವಾರದ ಚರ್ಚೆಗೆ ಐದು

ಕಲಬುರಗಿಯಲ್ಲಿ ರೀಡಿಂಗ್ ರೂಮ್‌ಗಳಿಗೆ ಬರ ಇಲ್ಲ. ಸೇಡಂ ರಸ್ತೆ ಕಡೆ ಯಾವ ಗಲ್ಲಿಗೆ ಹೋದರೂ ಒಂದು ಬೋರ್ಡ್ ನೇತಾಡುತ್ತಿರುತ್ತದೆ. ನಾನು ಬರೆಯುತ್ತಿರುವುದು ಅದರಲ್ಲಿ ಒಂದರ ಬಗ್ಗೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಳಗೆ ಬೈದಿದ್ದೂ ಇದೆ. ಗೊತ್ತಿದ್ದವರಿಗೆ ಗೊತ್ತಾಗುತ್ತೆ ಬಿಡಿ.

ಮೊದಲು ಬೈಯುವುದನ್ನು ಮುಗಿಸುತ್ತೇನೆ. ತಿಂಗಳಿಗೆ 800 ರೂಪಾಯಿ. ಹಿಂದಿನ ಹಾಲ್‌ಗೆ ತಗಡಿನ ಶೀಟ್, ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ಅಲ್ಲಿ ಕೂರುವುದು ಅಸಾಧ್ಯ. ಕೂಲರ್ ಎರಡಿವೆ, ಒಂದು ಗಾಳಿ ಕೊಡುತ್ತದೆ, ಇನ್ನೊಂದು ಬರೀ ಸದ್ದು. ಹೆಣ್ಣುಮಕ್ಕಳ ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ, ಒಂದು ಸುತಳಿ ಕಟ್ಟಿದ್ದಾರೆ, ಒಳಗಿನಿಂದ ಎಳೆದು ಹಿಡಿದುಕೊಳ್ಳಬೇಕು. ಎಷ್ಟು ಸಲ ಹೇಳಿದರೂ "ನಾಳೆ ಮಾಡಿಸ್ತೀವ್ರಿ" ಅಷ್ಟೇ.

ಆದರೂ ಜನ ಇಲ್ಲಿಗೇ ಬರುತ್ತಾರೆ, ಶನಿವಾರಕ್ಕಾಗಿ. ಪಿಎಸ್‌ಐ, ಅಂದ್ರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಯಲ್ಲಿ ಎರಡು ಪೇಪರ್. ಎರಡನೆಯದು 150 ಅಂಕದ್ದು, ಸರಿ ಉತ್ತರಕ್ಕೆ ಟಿಕ್ ಹಾಕುವುದು. ಮೊದಲನೆಯದು 50 ಅಂಕ, ಪ್ರಬಂಧ, ಅನುವಾದ, ಕೈಯಲ್ಲಿ ಬರೆಯಬೇಕು, ಅಲ್ಲೇ ನಮ್ಮ ಕಡೆಯವರು ಬೀಳುವುದು. ಅದಕ್ಕೇ ಇಲ್ಲಿನ ಸರ್ ವಾರಕ್ಕೊಂದು ವಿಷಯ ಕೊಡುತ್ತಾರೆ, ಅರ್ಧ ಜನ ಪರ, ಅರ್ಧ ಜನ ವಿರೋಧ, ಆಮೇಲೆ ಕೂತು ಬರೆಯಬೇಕು. ಬೇರೆ ಫೀ ಇಲ್ಲ.

ಬರುವವರು ಯಾರು ಅಂತ ಹೇಳಿದರೆ ಈ ಚರ್ಚೆ ಯಾಕೆ ಬಿಸಿಯಾಗುತ್ತದೆ ಅಂತ ಗೊತ್ತಾಗುತ್ತದೆ. ಆಳಂದ, ಚಿತ್ತಾಪುರ, ಜೇವರ್ಗಿ, ಶಹಾಪುರ ಕಡೆಯ ಹುಡುಗರು, ಹುಡುಗಿಯರು. ತಾಂಡಾದವರಿದ್ದಾರೆ. ತೊಗರಿ ಕೈಕೊಟ್ಟ ವರ್ಷ ಅಪ್ಪ, ಅವ್ವ ಪುಣೆಗೋ ಬೆಂಗಳೂರಿಗೋ ಗುಳೆ ಹೋದವರೇ ಜಾಸ್ತಿ. ಅಜ್ಜಂದಿರು ನಿಜಾಮನ ಕಾಲದ ರಜಾಕಾರರನ್ನೂ 1948ರ ಸೆಪ್ಟೆಂಬರ್‌ನ ಪೊಲೀಸ್ ಆಕ್ಷನ್ನನ್ನೂ ನೋಡಿದವರು. ಅವರಿಗೆ ಖಾಕಿ ಬಂತು ಅಂದ್ರೆ ಬಾಗಿಲು ಹಾಕಿಕೊಳ್ಳಬೇಕು. ಮೊಮ್ಮಕ್ಕಳಿಗೆ ಖಾಕಿ ಅಂದ್ರೆ ಸಂಬಳ, ಪಕ್ಕಾ ಮನೆ, ತಂಗಿ ಮದುವೆ. ಅದೂ ಸುಲಭಕ್ಕೆ ಸಿಗಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯ್ತು, 2022ರಲ್ಲಿ ಅದರ ಅಕ್ರಮ ಹೊರಬಿದ್ದದ್ದು ಇದೇ ಊರಿನ ಪರೀಕ್ಷಾ ಕೇಂದ್ರದಿಂದ, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಎರಡು ವರ್ಷಕ್ಕೂ ಜಾಸ್ತಿ ಕಾದವರು ಈಗಲೂ ಕಿಟಕಿ ಪಕ್ಕದ ಸಾಲಲ್ಲಿ ಕೂರುತ್ತಾರೆ. ಕಾನೂನಿನ ಬಗ್ಗೆ ಅವರ ಹತ್ತಿರ ಸುಮ್ನೆ ಮಾತಾಡಕ್ಕಾಗಲ್ಲ.

ಒಂದು ಶನಿವಾರದ ವಿಷಯ "ಅಮೆರಿಕದ ಪೊಲೀಸ್ ಮತ್ತು ವರ್ಣಭೇದ". ಸರ್ ಕೊಟ್ಟ ಹಾಳೆ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. 2020ರ ಮೇ 25, ಮಿನಿಯಾಪೊಲಿಸ್, 20 ಡಾಲರ್‌ನ ಖೋಟಾ ನೋಟು ಕೊಟ್ಟ ಅನ್ನೋ ಅನುಮಾನದ ಮೇಲೆ ಕಪ್ಪು ವರ್ಣದ ಜಾರ್ಜ್ ಫ್ಲಾಯ್ಡ್‌ನನ್ನು ಹಿಡಿದು, ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಕುತ್ತಿಗೆ ಮೇಲೆ ಬಿಳಿಯ ಪೊಲೀಸನ ಮೊಣಕಾಲು, ಅವನು ಸತ್ತೇ ಹೋದ. ಫರ್ಗ್ಯೂಸನ್ ಅನ್ನೋ ಅಮೆರಿಕದ ಊರಿನ ಪೊಲೀಸರ ಬಗ್ಗೆ 2015ರಲ್ಲಿ ಆ ದೇಶದ ನ್ಯಾಯ ಇಲಾಖೆ ಕೊಟ್ಟ ವರದಿ: ಊರಲ್ಲಿ ಕಪ್ಪು ಜನ ನೂರಕ್ಕೆ 67, ಬಂಧನವಾದವರಲ್ಲಿ ನೂರಕ್ಕೆ 93. ದಂಡ ಹಾಕಿ ಹಾಕಿಯೇ ನಗರಸಭೆ ಖಜಾನೆ ತುಂಬಿಸಿಕೊಳ್ಳುತ್ತಿತ್ತಂತೆ, ಕಟ್ಟಕ್ಕಾಗದವರ ಮೇಲೆ ವಾರಂಟ್.

ಮುಂದಿನ ಸಾಲಿನ ಹುಡುಗ ಎದ್ದು ಹೇಳಿದ, ಇದು ಬಣ್ಣದ ವಿಷಯ ಅಲ್ಲ, ಬಡತನದ ವಿಷಯ, ಬಡವರ ಓಣಿಯಲ್ಲಿ ಕಳ್ಳತನ ಜಾಸ್ತಿ, ಪೊಲೀಸರು ಅಲ್ಲಿಗೇ ಹೋಗುತ್ತಾರೆ. ಚಪ್ಪಾಳೆ ಬಿತ್ತು. ಆಗ ಹಿಂದಿನಿಂದ ಒಬ್ಬಳು ಎದ್ದಳು. ಆ ಓಣಿ ಬಡವರದ್ದು ಆಗಿದ್ದು ಹೇಗೆ ಅಂತ ಕೇಳಿದಳು. 1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ನಕ್ಷೆ ಮಾಡಿ ಕಪ್ಪು ಜನರ ಓಣಿಗಳಿಗೆ ಕೆಂಪು ಬಣ್ಣ ಬಳಿದಿತ್ತು, ಅಲ್ಲಿಗೆ ಮನೆ ಸಾಲ ಸಿಗುತ್ತಿರಲಿಲ್ಲ. ಅಜ್ಜನಿಗೆ ಮನೆ ಆಗಲಿಲ್ಲ, ಅಪ್ಪನಿಗೆ ಅಡ ಇಡಲು ಏನೂ ಇರಲಿಲ್ಲ, ಮೊಮ್ಮಗ ಅದೇ ಓಣಿಯಲ್ಲಿ ನಿಂತಿದ್ದಾನೆ, ಪೊಲೀಸ್ ಗಾಡಿಯೂ ಅಲ್ಲೇ ನಿಂತಿದೆ. ಹಾಲ್ ಪೂರ್ತಿ ಗಪ್ಪಾಯಿತು. ಅಷ್ಟಕ್ಕೇ ನಿಲ್ಲಿಸಲಿಲ್ಲ ಅವಳು. "ನಮ್ಮ ಮುತ್ತಜ್ಜ ಸೊಲ್ಲಾಪುರದಾಗ ತಂತಿ ಬೇಲಿ ಒಳಗ ಇದ್ದಾವ್ರಿ, ದಿನಾ ಹಾಜ್ರಿ ಹಾಕ್ಬೇಕಿತ್ತು" ಅಂದಳು.

ಸರ್ ಅಲ್ಲೇ ತಡೆದರು. "ವಿಷಯ ಅಮೆರಿಕದ್ದು, ಅಲ್ಲಿಗೆ ಬಾ ತಂಗಿ."

ನನ್ನ ದೂರು ಇದೇ, ಕೂಲರ್ ಅಲ್ಲ. ಅವಳು ಹೇಳಲು ಹೊರಟಿದ್ದು ಸಿಲಬಸ್ ಹೊರಗಿನದ್ದಾ? 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟುತ್ತಲೇ ಕಳ್ಳರು ಅಂತ ಪಟ್ಟಿಗೆ ಹಾಕಿತು. ಸೊಲ್ಲಾಪುರದ ಸೆಟ್ಲ್‌ಮೆಂಟ್‌ನಲ್ಲಿಟ್ಟು ಬಟ್ಟೆ ಗಿರಣಿಗೆ ದುಡಿಯಲು ಕಳಿಸುತ್ತಿದ್ದರು. ಕಾಯ್ದೆ ಹೋಗಿದ್ದು 1952ಕ್ಕೆ. ಅದು ಹೋದ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಬಂತು, ಕರ್ನಾಟಕದ್ದು 1961ರದ್ದು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿದಾಗ ಈ ಹಳೇ ಹಣೆಪಟ್ಟಿಯ ಬಗ್ಗೆಯೂ ಮಾತಾಡಿತು. ನಾಳೆ ಸ್ಟೇಷನ್‌ನಲ್ಲಿ ಕೂತು, ಊರಲ್ಲಿ ಕಳ್ಳತನ ಆದ ಕೂಡಲೇ ಯಾವ ತಾಂಡಾಕ್ಕೆ, ಯಾವ ಓಣಿಗೆ ಜೀಪ್ ಕಳಿಸಬೇಕು ಅಂತ ತೀರ್ಮಾನ ಮಾಡುವವರು ಇದೇ ಮಕ್ಕಳು ಅಲ್ವಾ? ಮಿನಿಯಾಪೊಲಿಸ್ ಬಗ್ಗೆ ಇಲ್ಲಿ ಎಲ್ಲರೂ ಧೈರ್ಯವಂತರೇ.

ಇನ್ನು ಹೊಗಳಬೇಕಾದ್ದು. ಆಗಾಗ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಬರುತ್ತಾರೆ. ಭಾಷಣ ಇಲ್ಲ, ಒಂದು ಖಾಲಿ ಹಾಳೆ ಕೊಟ್ಟು ಬಂಧನದ ಮೆಮೊ ಬರೆಸುತ್ತಾರೆ. "ಮೊದಲ ಟೈಮ್ ಬರಿ. ಟೈಮ್ ಇಲ್ಲಂದ್ರ ಏನೂ ಇಲ್ಲ." ಆಮೇಲೆ ಸಾಕ್ಷಿ ಸಹಿ, ಮನೆಯವರಿಗೆ ತಿಳಿಸಿದ್ದು, ಬಂಧನಕ್ಕೆ ನಿಯಮ ಹಾಕಿದ ಸುಪ್ರೀಂ ಕೋರ್ಟ್‌ನ ಡಿ.ಕೆ. ಬಸು ತೀರ್ಪು ಹೇಳಿದ್ದೆಲ್ಲ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಲ್ಲಿ 60 ದಾಟಿದವರನ್ನು ಡಿವೈಎಸ್‌ಪಿ ಅನುಮತಿ ಇಲ್ಲದೆ ಹಿಡಿಯೋ ಹಾಗಿಲ್ಲ ಅಂತ ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 35ನೇ ಸೆಕ್ಷನ್ ತೋರಿಸಿದರು. ಅದೇ ಬಾಯಲ್ಲಿ ಬಂದೋಬಸ್ತ್, ರಾತ್ರಿ ಡ್ಯೂಟಿ, ಹಬ್ಬದ ದಿನ ಮಕ್ಕಳ ಮುಖ ನೋಡದ್ದು, ಮೇಲಿನವರ ಬೈಗುಳ ಕೆಳಗಿನವನ ಲಾಠಿಗೆ ಇಳಿಯುವುದು, ಎಲ್ಲಾ ಹೇಳುತ್ತಾರೆ. ಸೊಲ್ಲಾಪುರದ ಮಾತು ಎತ್ತಿದ ಹುಡುಗಿ ಅವರ ಹತ್ತಿರ ಪ್ರಶ್ನೆ ಕೇಳಿದಳು, ಅವರು ತಡೆಯಲಿಲ್ಲ. ಹಳೇ ರಿಜಿಸ್ಟರ್‌ಗಳನ್ನು ತಾನೂ ನೋಡಿದ್ದೇನೆ ಅಂದರು.

ಬರೀ ಎಂಸಿಕ್ಯೂ ಬೇಕಿದ್ದವರು ಬೇರೆ ಕಡೆ ಹೋಗಿ, ಇಲ್ಲಿ ದುಡ್ಡು ದಂಡ. ಪ್ರಬಂಧ ಬರೆಯಬೇಕಿದ್ದವರು ಶನಿವಾರ ನಾಲ್ಕು ಗಂಟೆಗೇ ಬನ್ನಿ, ಕೆಲಸ ಮಾಡುವ ಕೂಲರ್ ಎಡಗಡೆ ಇದೆ. ಒಟ್ಟು ಮೂರೂವರೆ ಸ್ಟಾರ್. ಚಿಲಕ ಹಾಕಿಸಿ, ಆ ಹುಡುಗಿಗೆ ಮಾತು ಮುಗಿಸಲು ಬಿಟ್ಟರೆ ನಾಲ್ಕೂವರೆ ಮಾಡುತ್ತೇನೆ.