ವರ್ಟಸ್ ಒಂದೇ, ಗೇರ್‌ಬಾಕ್ಸ್ ಮೂರು: ಓಡಿಸಿ ನೋಡಿ ಅನ್ಸಿದ್ದು

ನಮ್ಮ ಭಾವನ ಹತ್ರ ಫೋಕ್ಸ್‌ವ್ಯಾಗನ್ ವರ್ಟಸ್ ಕಾರಿದೆ, 1.5 ಲೀಟರ್ ಟಿಎಸ್‌ಐ (ಟರ್ಬೊ ಪೆಟ್ರೋಲ್) ಇಂಜಿನ್, ಮ್ಯಾನ್ಯುಯಲ್ ಗೇರ್, ಅದೇ ಇಂಜಿನ್ನಿಗೆ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಇರೋದು ಫ್ರೆಂಡ್‌ದು, ನಂದು 1.0 ಟರ್ಬೊ, ಮಾಮೂಲಿ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ (ಆಯಿಲ್ ಮೂಲಕ ಎಳೆತ ಕೊಡೋದು). 1.5ಗೆ ಯಾವ ಗೇರ್‌ಬಾಕ್ಸ್ ತಗೊಂಡ್ರೂ 150 ಪಿಎಸ್ ಪವರ್, 250 ಎನ್‌ಎಂ ಟಾರ್ಕ್ (ಅಂದ್ರೆ ಎಳೆಯೋ ಬಲ), ಹಂಗಾಗಿ ಅವೆರಡರ ಮಧ್ಯೆ ಏನೇ ವ್ಯತ್ಯಾಸ ಕಂಡ್ರೂ ಅದು ಗೇರ್‌ಬಾಕ್ಸ್‌ದೇ. ನಂದು 115 ಪಿಎಸ್, 178 ಎನ್‌ಎಂ, ಪಿಕಪ್ ವಿಷ್ಯಕ್ಕೆ ಬಂದ್ರೆ ಅವುಗಳ ಪಕ್ಕ ನಿಲ್ಲೋ ಗಾಡಿನೇ ಅಲ್ಲ, ಆದ್ರೂ ಒಂದು ಕಡೆ ಗೆಲ್ಲತ್ತೆ.

ನಿಂತಲ್ಲಿಂದ ಪೂರ್ತಿ ತುಳಿದ್ರೆ ಡಿಎಸ್‌ಜಿನೇ ಮುಂದೆ, ಅದ್ರಲ್ಲಿ ವಾದ ಬೇಡ. ಒಳಗೆ ಎರಡು ಕ್ಲಚ್, ಒಂದು 1-3-5-7ಕ್ಕೆ, ಇನ್ನೊಂದು 2-4-6ಕ್ಕೆ ಮತ್ತೆ ರಿವರ್ಸ್‌ಗೆ, ನೀವು ಎರಡನೇ ಗೇರಲ್ಲಿ ಎಳೀತಿರೋವಾಗ್ಲೇ ಮೂರು ರೆಡಿಯಾಗಿ ಕೂತಿರತ್ತೆ, ಒಂದು ಕ್ಲಚ್ ಬಿಡತ್ತೆ ಇನ್ನೊಂದು ಹಿಡಿಯತ್ತೆ, ಎಳೆತ ಕಟ್ಟೇ ಆಗಲ್ಲ. ಮ್ಯಾನ್ಯುಯಲಲ್ಲಿ ಪ್ರತಿ ಸಲ ಕಾಲು ಎತ್ಬೇಕು, ಟರ್ಬೊ ಬೂಸ್ಟ್ (ಇಂಜಿನ್ನಿಗೆ ನುಗ್ಸೋ ಗಾಳಿಯ ಒತ್ತಡ) ಇಳಿಯತ್ತೆ, ಮತ್ತೆ ತುಂಬ್ಕೋಬೇಕು.

ಆದ್ರೆ ಹಾಸನದ ರೋಡಲ್ಲಿ ಲಾರಿ ಓವರ್‌ಟೇಕ್ ಮಾಡೋವಾಗ ಕಥೆ ಬೇರೆ. ಡಿಎಸ್‌ಜಿ ಡಿ ಮೋಡಲ್ಲಿ (ಮಾಮೂಲಿ ಓಡ್ಸೋ ಮೋಡು) ಪೆಟ್ರೋಲ್ ಉಳಿಸೋಕೆ ಮೇಲಿನ ಗೇರಿಗೆ ಹೋಗಿ ಆರಾಮಾಗಿ ಕೂತಿರತ್ತೆ, ಸಡನ್ನಾಗಿ ತುಳಿದ್ರೆ ಎರಡ್ಮೂರು ಗೇರ್ ಇಳೀಬೇಕು, ಆ ಒಂದು ಕ್ಷಣ ಏನೂ ಆಗಲ್ಲ, ಆಮೇಲೆ ಒಂದೇ ಸಲ ದಬಕ್ ಅಂತ ನುಗ್ಗತ್ತೆ. ಎಸ್ (ಸ್ಪೋರ್ಟ್) ಮೋಡ್ ಹಾಕಿ, ಇಲ್ಲಾ ಸ್ಟೀರಿಂಗ್ ಹಿಂದಿರೋ ಪ್ಯಾಡಲಲ್ಲಿ ಮೊದ್ಲೇ ಗೇರ್ ಇಳಿಸ್ಕೊಳ್ಳಿ, ಸರಿಹೋಗತ್ತೆ. ಭಾವನ ಗಾಡೀಲಿ ಲಾರಿ ಹಿಂದೆ ಇರೋವಾಗ್ಲೇ ಮೂರಕ್ಕೆ ಹಾಕಿರ್ತೀನಿ, ತುಳಿದ ತಕ್ಷಣ ಕೆಲ್ಸ ಆಗತ್ತೆ. ಶಿರಾಡಿ ಇಳಿಯೋವಾಗ್ಲೂ ಎರಡಲ್ಲಿ ಬಿಟ್ರೆ ಇಂಜಿನ್ನೇ ಗಾಡಿ ಹಿಡ್ಕೊಳ್ಳತ್ತೆ, ಬ್ರೇಕಿಗೆ ರೆಸ್ಟು. ನಂಗೆ ಘಾಟಿಗೆ ಅದೇ ಇಷ್ಟ.

ಸಿಲ್ಕ್ ಬೋರ್ಡಲ್ಲಿ ಅದೇ ಮ್ಯಾನ್ಯುಯಲ್ ಕಾಲು ನೋಯಿಸತ್ತೆ. ಪೂರ್ತಿ ಟಾರ್ಕ್ ಬರೋದೇ 1600 ಆರ್‌ಪಿಎಂ ಮೇಲೆ, ಹಂಪ್ ದಾಟಿ ಎರಡಲ್ಲೇ ಎತ್ತೋಣ ಅಂದ್ರೆ ಮಲಗಿರತ್ತೆ. ಈ ಡಿಎಸ್‌ಜಿದು ಡ್ರೈ ಕ್ಲಚ್, ತಣ್ಣಗಿಡೋಕೆ ಆಯಿಲ್ ಇಲ್ಲ, ಇಂಚಿಂಚು ತೆವಳಿದ್ರೆ ಕ್ಲಚ್ ಉಜ್ಜಿ ಬಿಸಿಯಾಗತ್ತೆ, ಹಾಗಾಗಿ ಮುಂದೆ ಸ್ವಲ್ಪ ಜಾಗ ಆಗೋವರೆಗೂ ನಿಂತು ಆಮೇಲೆ ಹೊರಡೋದು ವಾಸಿ (ಜಾಗ ಬಿಟ್ರೆ ಆಟೋದವ್ರು ತೂರ್ತಾರೆ, ಅದು ಬೇರೆ ವಿಷ್ಯ). ನನ್ನ ಗಾಡೀಲಿ ಇಂಜಿನ್ನಿಗೂ ಗೇರಿಗೂ ಮಧ್ಯೆ ಆಯಿಲ್, ಹೊರಡೋವಾಗ ಟಾರ್ಕನ್ನೂ ಹೆಚ್ಚಿಸಿ ಕೊಡತ್ತೆ, ಬ್ರೇಕ್ ಬಿಟ್ರೆ ನೈಸಾಗಿ ಜಾರತ್ತೆ. ಆ ಮೊದಲ ಇಪ್ಪತ್ತು ಕಿಮೀ ಸ್ಪೀಡಿನೊಳಗೆ ನಂದೇ ಚೆನ್ನ. ಆಮೇಲೆ ಅವೆರಡೂ ಕೈಗೆ ಸಿಗಲ್ಲ ಬಿಡಿ.

ದಿನಾ ಔಟರ್ ರಿಂಗ್ ರೋಡ್ ಇದ್ರೆ 1.0 ಆಟೋಮ್ಯಾಟಿಕ್ ಸಾಕು. ಹೈವೇ ಜಾಸ್ತಿ ಇದ್ರೆ ಡಿಎಸ್‌ಜಿ. ನಂಗೆ ದುಡ್ಡು ಕೊಟ್ಟು ಒಂದೇ ತಗೋ ಅಂದ್ರೆ ಮ್ಯಾನ್ಯುಯಲ್, ಕಾಲು ನೋವು ನೋಡ್ಕೊಳ್ತೀನಿ. ಟೆಸ್ಟ್ ಡ್ರೈವ್ ಹೋದ್ರೆ ಬರೀ ಖಾಲಿ ರೋಡಲ್ಲಿ ತುಳಿದು ಬರ್ಬೇಡಿ, ಡಿ ಮೋಡಲ್ಲಿ 50ರಲ್ಲಿ ಹೋಗ್ತಾ ಹಿಂದೆ ಮುಂದೆ ಯಾರೂ ಇಲ್ದಾಗ ಒಂದ್ಸಲ ಪೂರ್ತಿ ತುಳಿದು ನೋಡಿ, ಆಮೇಲೆ ಟ್ರಾಫಿಕ್ಕಿಗೂ ನುಗ್ಗಿಸಿ.